ಹೇಮಾಂಗಿ ರಾಣಿಯ ಸವತಿ

ದೇವಣಿಯ ಹತ್ತಿರದ ಒಂದು ಹಳ್ಳಿಯಲ್ಲಿ ಸರುಬಾಯಿ ಎಂಬ ಹೆಂಗಸಿದ್ದಳು. ಗಂಡ ಮಾಣಿಕಪ್ಪ ಇನ್ನೊಂದು ಮದುವೆಯಾದವನಲ್ಲ, ಪರಹೆಂಗಸಿನ ಕಡೆ ನೋಡಿದವನೂ ಅಲ್ಲ. ಆದರೂ ಸರುಬಾಯಿ ಮದುವೆಯಾದ ವರ್ಷದಿಂದಲೇ ಸವತಿಮತ್ಸರದಲ್ಲಿ ಬೆಂದಳು. ಅವಳ ಸವತಿಯ ಹೆಸರು ಹೇಮಾಂಗಿ ರಾಣಿ. ನಾಟಕದಲ್ಲಿ ಆ ರಾಣಿಯಾಗುತ್ತಿದ್ದವನು ಮಾಣಿಕಪ್ಪನೇ.

ಅದು ನಿಜಾಮರ ಆಳ್ವಿಕೆಯ ಕಾಲ. ಸೊಲ್ಲಾಪುರದ ಕಡೆಯ ಒಂದು ನಾಟಕ ಮಂಡಳಿ ಉದಗೀರಕ್ಕೆ ಬಂದು, ಗಂಡ ಕಾಡಿನಲ್ಲಿ ಬಿಟ್ಟುಹೋದ ಹೇಮಾಂಗಿ ರಾಣಿಯ ಮರಾಠಿ ಸಂಗೀತ ನಾಟಕವನ್ನು ಆಡಿ ಹೋಗಿತ್ತು. ಮಂಡಳಿ ಹೋದರೂ ಹಾಡುಗಳು ಜನರ ಬಾಯಲ್ಲಿ ಉಳಿದವು. ಸುಗ್ಗಿ ಮುಗಿದ ಮೇಲೆ ಊರಿನ ಯುವಕರು ಆ ನಾಟಕವನ್ನು ತಾವೇ ಆಡತೊಡಗಿದರು. ಪಕ್ಕದ ಮನೆಯ ಧೂಳಪ್ಪ ರಾಜ, ಮಾಣಿಕಪ್ಪ ರಾಣಿ. ಕಾಡಿನಲ್ಲಿ ರಾಣಿ ಜಿಂಕೆಯನ್ನು ಕೇಳುತ್ತಾಳೆ: ‘ಸಾಂಗ ಹರಿಣೀ,’ ಹೇಳೇ ಜಿಂಕೆಯೇ, ನನ್ನ ರಾಜ ಯಾವ ಕಡೆ ಹೋದ? ಮಾಣಿಕಪ್ಪ ಆ ಹಾಡು ಎತ್ತಿದರೆ ಮುದುಕರೂ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ರಾಣಿ ಉಡುತ್ತಿದ್ದದ್ದು ಸರುಬಾಯಿಯ ಮದುವೆಯ ಸೀರೆ. ‘ಸರೂಗಿಂತ ಮಾಣಿಕಪ್ಪಗೇ ಛಲೋ ಒಪ್ಪತದ’ ಎಂದು ಹೆಂಗಸರು ಅವಳ ಎದುರಿಗೇ ಅನ್ನುತ್ತಿದ್ದರು. ಪಾತ್ರಕ್ಕಾಗಿ ಅವನು ಕೂದಲು ಬಿಟ್ಟಿದ್ದ. ವಿಷಮಜ್ವರ ಬಂದು ಸರುಬಾಯಿಯ ಕೂದಲು ಉದುರಿ ಇಲಿಬಾಲದಷ್ಟು ಉಳಿದ ವರ್ಷವೂ ಗಂಡನ ಜಡೆ ಸೊಂಟ ಮುಟ್ಟುತ್ತಿತ್ತು. ಅದಕ್ಕೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ತುರುಬು ಕಟ್ಟುವವಳು ಅವಳೇ. ಕಟ್ಟುವಾಗ ಬೇಕೆಂದೇ ಜಗ್ಗುತ್ತಿದ್ದಳು. ಅವನು ‘ಸಾವಕಾಶ’ ಎನ್ನುತ್ತಿದ್ದ, ಅಷ್ಟೇ.

ಅವಳನ್ನು ಹೆಚ್ಚು ಸುಟ್ಟದ್ದು ಬೇರೆ ಸಂಗತಿ. ಹೊಲದಲ್ಲಿ ಕುಂಟೆ ಹೊಡೆಯುವಾಗ ಎತ್ತುಗಳ ಹಿಂದೆ ಹಾಡುತ್ತ ನಡೆಯುವ ಮಾಣಿಕಪ್ಪ ಮನೆಯ ಹೊಸ್ತಿಲು ದಾಟಿದ ಕೂಡಲೇ ಬಾಯಿ ಮುಚ್ಚುತ್ತಿದ್ದ. ಹೆಂಡತಿಗೆಂದು ಅವನು ಒಂದು ಸಾಲನ್ನೂ ಹಾಡಿದವನಲ್ಲ.

ಒಮ್ಮೆ ಈ ಕಥೆಯೇ ಮೂಕಪಟವಾಗಿ ಉದಗೀರಕ್ಕೆ ಬಂದಿತ್ತು. ಅದರಲ್ಲಿ ರಾಣಿಯಾದವನೂ ಗಂಡಸೇ. ಬಾಯಿ ತೆರೆಯುತ್ತಿದ್ದ, ದನಿ ಇರಲಿಲ್ಲ. ಮಾಣಿಕಪ್ಪ ಊರಿಗೆ ಬಂದು ಅದನ್ನು ಆಡಿ ತೋರಿಸಿ ಎಲ್ಲರನ್ನೂ ನಗಿಸಿದ. ಅದಾಗಿ ಬಹಳ ವರ್ಷಗಳ ಮೇಲೆ, ಅವನ ಕಿವಿಯ ಹತ್ತಿರ ಕೂದಲು ನೆರೆಯತೊಡಗಿದ್ದಾಗ, ಅದೇ ಕಥೆಯನ್ನು ಹೊಸದಾಗಿ ಬೋಲಪಟ ಮಾಡಿದ್ದಾರೆ, ಚಿತ್ರವೇ ಹಾಡುತ್ತದೆ, ಮಾತಾಡುತ್ತದೆ ಎಂಬ ಸುದ್ದಿ ಬಂತು. ಉದಗೀರದ ಕೋಟೆಯ ಹೊರಗಿನ ಬಯಲಿನಲ್ಲಿ ಡೇರೆ ಹಾಕಿದ್ದರು.

‘ರಾಣಿ ಯಾರಂತ?’ ಎಂದು ಮಾಣಿಕಪ್ಪ ಕೇಳಿದ.

‘ಯಾವಳೋ ಒಬ್ಬಾಕಿ ಅಂತ,’ ಎಂದ ಧೂಳಪ್ಪ. ‘ಖರೇ ಹೆಂಗಸು.’

ಮರುದಿನ ಎರಡು ಮನೆಯವರೂ ಒಂದೇ ಗಾಡಿಯಲ್ಲಿ ಹೊರಟರು. ಡೇರೆಯಲ್ಲಿ ಹೆಂಗಸರ ಜಾಗಕ್ಕೆ ಬಟ್ಟೆಯ ಮರೆ ಕಟ್ಟಿದ್ದರು. ಸರುಬಾಯಿ ಧೂಳಪ್ಪನ ಹೆಂಡತಿ ಮುಕ್ತಾಬಾಯಿಯ ಪಕ್ಕ ಕುಳಿತಳು. ಬಟ್ಟೆ ಹರಿದಿದ್ದ ಕಡೆಯಿಂದ ಅವಳಿಗೆ ಗಂಡ ಕಾಣುತ್ತಿದ್ದ.

ರಾಣಿ ಬಂದಳು. ಎಳೆಯ ಮುಖ, ತೆಳ್ಳನೆಯ ಕೈ. ಕಾಡಿನ ಭಾಗದಲ್ಲಿ ನಿಜವಾದ ಜಿಂಕೆಯೊಂದು ಅವಳ ಅಂಗೈ ಮೂಸಿತು. ಅವಳು ‘ಸಾಂಗ ಹರಿಣೀ’ ಎಂದಾಗ ಡೇರೆಯೊಳಗೆ ಒಬ್ಬರೂ ಕೆಮ್ಮಲಿಲ್ಲ. ಧಾಟಿ ಬೇರೆಯಾಗಿತ್ತು, ಚುರುಕಾಗಿತ್ತು. ಮುಕ್ತಾಬಾಯಿ ಬಿಕ್ಕಿ ಬಿಕ್ಕಿ ಅತ್ತಳು.

ಚಿತ್ರದ ಒಂದು ಸುರುಳಿ ಮುಗಿದು ಇನ್ನೊಂದು ಏರಿಸುವಾಗ ದೀಪ ಹಚ್ಚುತ್ತಿದ್ದರು. ಆಗೆಲ್ಲ ಸರುಬಾಯಿ ಹರಕಿನಿಂದ ಇಣುಕಿದಳು. ಮಾಣಿಕಪ್ಪನ ಮುಖ ಕಪ್ಪಿಟ್ಟಿತ್ತು. ಮುಷ್ಟಿ ತೊಡೆಯ ಮೇಲೆ ಬಿಗಿದಿತ್ತು. ತಾನು ಇಷ್ಟು ವರ್ಷ ನುಂಗಿದ ಕೆಂಡ ಅವನ ಗಂಟಲಿಗೂ ಇಳಿಯುತ್ತಿರುವುದನ್ನು ಕಂಡು ಅವಳಿಗೆ ಒಳಗೊಳಗೇ ತಂಪಾಯಿತು. ಚಿತ್ರಕ್ಕಿಂತ ಹೆಚ್ಚಾಗಿ ಅವಳು ಅದನ್ನೇ ನೋಡಿದಳು.

ಹಿಂದಿರುಗುವಾಗ ಗಾಡಿಯಲ್ಲಿ ಮಾಣಿಕಪ್ಪ ತಪ್ಪು ಎಣಿಸುತ್ತ ಬಂದ. ಆ ಹೆಂಗಸು ಸಾಲಿನ ನಡುವೆ ಉಸಿರು ತಗೊಂಡಳು, ರಾಣಿ ಅಂದಮೇಲೆ ಅಷ್ಟು ಬೇಗ ಬೇಗ ನಡೆಯಬಾರದು, ಧಾಟಿ ಕೆಡಿಸಿದ್ದಾರೆ. ಕೊನೆಗೆ ಅವನು ಹೆಂಡತಿಯ ಕಡೆ ತಿರುಗಿದ.

‘ನಿನಗ ಹ್ಯಾಂಗ ಕಂಡಳು?’

ಇಷ್ಟು ವರ್ಷಗಳಲ್ಲಿ ರಾಣಿಯ ವಿಷಯವಾಗಿ ಅವನು ಅವಳನ್ನು ಕೇಳಿದ್ದು ಅದೇ ಮೊದಲು.

‘ಛಲೋ ಕಂಡಳ್ರೀ,’ ಎಂದಳು ಸರುಬಾಯಿ. ‘ಆಕಿ ಹೆಂಗಸು ಅದಾಳ. ಸೀರಿ ಉಟ್ಟ ಗಂಡಸಲ್ಲ.’

ಮುಕ್ತಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಬೆಳಿಗ್ಗೆ ಮಾಣಿಕಪ್ಪ ಹಜಾಮನ ಹತ್ತಿರ ಹೋಗಿ ಜಡೆ ತೆಗೆಸಿಕೊಂಡು ಬಂದ. ತಲೆ ಚಿಕ್ಕದಾಗಿ, ಕಿವಿ ದೊಡ್ಡದಾಗಿ ಕಂಡವು. ಸರುಬಾಯಿಯ ಎದುರಿಗೇ ನಿಂತು, ‘ಈಗ ಸಮಾಧಾನ ಆತೇನು?’ ಎಂದ. ಅವಳು ಒಲೆಯ ಮುಂದೆ ಕುಳಿತಳು. ಈ ದಿನಕ್ಕಾಗಿ ಎಷ್ಟು ಹರಕೆ ಹೊತ್ತಿದ್ದಳೋ. ಬಂದ ಮೇಲೆ ರೊಟ್ಟಿ ತಟ್ಟುವ ಕೈ ಏಳಲಿಲ್ಲ.

ಆ ವರ್ಷ ನಾಟಕ ಆಗಲಿಲ್ಲ. ಹೊಲದಲ್ಲೂ ಅವನು ಹಾಡಲಿಲ್ಲ. ಹಾಡಿಗೆ ಒಗ್ಗಿದ ಎತ್ತುಗಳು ಸಾಲಿನ ನಡುವೆ ನಿಂತುಬಿಡುತ್ತಿದ್ದವು. ಅವನು ಬಾರುಕೋಲು ಎತ್ತುತ್ತಿದ್ದ. ಮನೆಯಲ್ಲಿ ಮೊದಲೂ ಮೌನವಿತ್ತು, ಈಗಲೂ ಮೌನವೇ. ಆದರೆ ಮೊದಲಿನದು ಯಾರೋ ಪಕ್ಕದ ಕೋಣೆಯಲ್ಲಿ ಇದ್ದಂಥ ಮೌನ.

ಒಂದು ದಿನ ಬಾವಿಯ ಹತ್ತಿರ ಮುಕ್ತಾಬಾಯಿ ಕೊಡ ತುಂಬುತ್ತ ಅಂದಳು: ‘ಅಂಥಾಕಿನ್ನ ನೋಡಿದ ಮ್ಯಾಲ ನಮ್ಮ ಗಂಡಸರ ಕುಣಿತ ನೆನಸಿದ್ರ ನಗಿ ಬರ್ತದ, ಅಲ್ಲೇನು ಸರೂ?’

ಸರುಬಾಯಿ ಹಗ್ಗ ಬಿಟ್ಟು ನೆಟ್ಟಗೆ ನಿಂತಳು. ‘ನಿನಗ ನಗಿ ಬರಲಿ. ಆಕಿಗಿ ಜಿಂಕಿ ಕೊಟ್ಟಿದ್ರು, ಕಾಡು ಕೊಟ್ಟಿದ್ರು. ಇವ್ರು ಬರೀ ಕಂದೀಲಿನ ಮುಂದ ನಿಂತು ನಿನ್ನ ಅತ್ತೀನ ಅಳಿಸ್ಯಾರ. ಮರ್ತೇನು?’

ಮುಕ್ತಾಬಾಯಿ ಬೆರಗಾಗಿ ನೋಡಿದಳು. ಸರುಬಾಯಿಗೂ ತನ್ನ ಮಾತು ಕೇಳಿ ಬೆರಗಾಯಿತು. ಚಿತ್ರದ ಆ ಹೆಂಗಸಿನ ಮೇಲೆ ಅವಳಿಗೆ ಸಿಟ್ಟು ಬಂದಿತ್ತು, ತನ್ನ ಮನೆಯೊಳಗಿನದೇನನ್ನೋ ಆಕೆ ಹೊತ್ತುಕೊಂಡು ಹೋದ ಹಾಗೆ.

ಜೋಳದ ಕಣದ ದಿನಗಳಲ್ಲಿ ಸರುಬಾಯಿ ಬುತ್ತಿ ತಗೊಂಡು ಹೋದಳು. ಗಂಡ ತೂರುವ ಗಾಳಿಗಾಗಿ ಕಾಯುತ್ತ ಕುಳಿತಿದ್ದ. ಅವಳು ತೆನೆ ಆರಿಸುತ್ತ, ಅಳುಕುತ್ತಲೇ, ‘ಸಾಂಗ ಹರಿಣೀ’ ಎಂದು ಎತ್ತಿದಳು. ಬಂದದ್ದು ಬೋಲಪಟದ ಧಾಟಿ, ಅದೂ ಸೊಟ್ಟಪಟ್ಟ.

‘ಹಂಗಲ್ಲ,’ ಎಂದ ಮಾಣಿಕಪ್ಪ.

ಅವಳು ಮತ್ತೆ ಹಾಗೇ ಹಾಡಿದಳು.

‘ಏ, ಹಂಗಲ್ಲ ಅದು. ಕೇಳು.’

ಅವನು ಹಾಡಿದ. ಮೊದಲು ದನಿ ಕೀರಲಾಯಿತು, ಆಮೇಲೆ ದಾರಿಗೆ ಬಂತು. ಪಕ್ಕದ ಹೊಲದಲ್ಲಿ ಜೋಳದ ದಂಟಿನ ಕಣಿಕೆ ಕಟ್ಟುತ್ತಿದ್ದವರು ಕೈ ನಿಲ್ಲಿಸಿದರು. ಸರುಬಾಯಿ ಅಲುಗಾಡದೆ ಕೇಳಿದಳು. ಅವನು ಅವಳ ಮುಂದೆಯೇ ಕುಳಿತಿದ್ದ, ಕಣ್ಣು ಮಾತ್ರ ಅವಳನ್ನು ದಾಟಿ ಎಲ್ಲಿಯೋ ಇದ್ದ ರಾಜನನ್ನು ಹುಡುಕುತ್ತಿತ್ತು. ಅವಳ ಎದೆಯಲ್ಲಿ ಹಳೆಯ ಉರಿ ಮತ್ತೆ ಎದ್ದಿತು. ಆದರೂ ಅವನು ನಿಲ್ಲಿಸಿದಾಗ, ‘ಮುಂದಿಂದು ಹಾಡ್ರಿ’ ಎಂದಳು.

ಪೂರ್ತಿ ಹಾಡಿ, ನೀರು ಕುಡಿದು, ಅವನು ಬಾಯಿ ಒರೆಸಿಕೊಂಡ. ಆಮೇಲೆ ಮೆಲ್ಲಗೆ ಅಂದ: ‘ಕಡೀ ಸಾಲು ಆಕಿ ಎಳದು ಇಳಿಸಿದ್ಲು ನೋಡು, ಅದು ಛಲೋ ಇತ್ತು. ನನಗ ಸಾಧಿಸಲಿಲ್ಲ.’

‘ಆಕಿದು ಕೆಟ್ಟ ಅದ ಅಂದ್ರಿ ಅವತ್ತು.’

‘ಅಂದೆ.’ ಅವನು ಜೋಳದ ಕಾಳು ಬಾಯಿಗೆ ಹಾಕಿಕೊಂಡ. ‘ಬೋಲಪಟದ ಡೇರೆ ಈಗ ನಿಲಂಗಾಕ್ಕ ಬಂದದಂತ. ಇನ್ನೊಮ್ಮಿ ಕೇಳಿ ಬರ್ತೀನಿ. ಒಬ್ಬನ ಹೋಗ್ತೀನಿ, ನಿನಗ ತ್ರಾಸ ಬ್ಯಾಡ.’

ಆ ಕಡೆಯ ಸಾಲನ್ನು ಅವನು ಬಾಯೊಳಗೇ ಗುನುಗಿ ನೋಡುತ್ತಿದ್ದ. ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಕಳೆ ಬಂದಿತ್ತು. ಆ ಎಳೆಯ ಮುಖ, ತೆಳ್ಳನೆಯ ಕೈ ಸರುಬಾಯಿಗೆ ನೆನಪಾದವು. ಇಲ್ಲಿಯವರೆಗಿನ ಸವತಿ ಗಂಡನೇ ಆಗಿದ್ದ. ಈಗಿನವಳು ಬೇರೆಯವಳು.

‘ನಾನೂ ಬರ್ತೀನಿ,’ ಎಂದಳು.

‘ಆಕಳಿಗಿ ಯಾರು ಮೇವು ಹಾಕಬೇಕು?’

‘ಮುಕ್ತಾಬಾಯಿ ಹಾಕತಾಳ.’

ಮರುದಿನ ನಸುಕಿನಲ್ಲೇ ಅವಳು ಎದ್ದು ಸಜ್ಜೆಯ ರೊಟ್ಟಿ ಕಟ್ಟಿದಳು. ಮಾಣಿಕಪ್ಪ ನೀರಿನ ಕೊಡ ತರಲು ಒಳಗೆ ಹೋದಾಗ, ಅವನಿಗಿಂತ ಮೊದಲೇ ಗಾಡಿ ಹತ್ತಿ ಕುಳಿತಳು.