ಒಳಗೆಳೆದ ಉಸಿರಿನ ದನಿ

ದೆವ್ವದ ಸಿನಿಮಾ ಕಂಡು ಹೆದರಿದವನಲ್ಲ ನಾನು. ಮುಂದಿನ ಸಾಲಿನಲ್ಲಿ ನಾನು ಕೂತರೆ ಪರದೆಯ ಮೇಲಿನ ದೆವ್ವವೇ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಆದರೆ ಇಲ್ಲಿ ಹೇಳಹೊರಟದ್ದು ನನ್ನ ಶೌರ್ಯವನ್ನಲ್ಲ, ನನ್ನ ತಂಗಿಯ ಮಗಳ ಗಂಟಲನ್ನು.

ಹುಟ್ಟಿದಾಗ ಅವಳು ಅತ್ತ ಅಬ್ಬರಕ್ಕೆ ಪಕ್ಕದ ಬೀದಿಯ ಹಾಲೆಲ್ಲ ಒಡೆದಿತ್ತು. ಅಂದಿನಿಂದ ಮನೆಮಂದಿಗೆಲ್ಲ ಅವಳು ‘ಗಂಟೆ’. ದೊಡ್ಡವಳಾಗಿ ಅದೇ ಗಂಟಲಿನಿಂದ ಅನ್ನ ಸಂಪಾದಿಸಿದಳು, ಡಬ್ಬಿಂಗ್ ಕಲಾವಿದೆಯಾಗಿ. ತುಟಿ ಯಾರದೋ, ಮಾತು ಅವಳದು. ನರ್ಸು, ನಾದಿನಿ, ಸೋಪಿನ ಜಾಹೀರಾತಿನ ತಾಯಿ. ದನಿ ಊರಿಗೆಲ್ಲ ಗೊತ್ತು, ಮುಖ ಹಾಲಿನವನಿಗೂ ಗೊತ್ತಿಲ್ಲ.

ಮೈಮೇಲೆ ದೆವ್ವ ಬರುವ ಸಿನಿಮಾವೊಂದಕ್ಕೆ ಕರೆ ಬಂತು. ಸತ್ತವಳೊಬ್ಬಳು ಬದುಕಿರುವ ತಾಯಿಯೊಬ್ಬಳ ಒಳಗೆ ಸೇರಿಕೊಳ್ಳುವ ಕಥೆ. ಗೋಡೆಗೆಲ್ಲ ಕಂಬಳಿ ಹೊದಿಸಿದ ಕೋಣೆಯಲ್ಲಿ, ಮೈಕಿನ ಮುಂದೆ, ಗಂಟೆ ಒಂದು ಉಪಾಯ ಹೂಡಿದಳು. ನಾವೆಲ್ಲ ಉಸಿರು ಬಿಡುತ್ತ ಮಾತಾಡುತ್ತೇವಲ್ಲ, ಅವಳು ಉಸಿರನ್ನು ಒಳಗೆಳೆದುಕೊಳ್ಳುತ್ತ ಮಾತಾಡಿದಳು. ಬಾವಿಯ ತಳದಲ್ಲಿ ಯಾರೋ ಉಗುರಿನಿಂದ ಕಲ್ಲು ಕೆರೆದಂತಿತ್ತಂತೆ ಆ ದನಿ. ಗಾಜಿನಾಚೆ ಕೂತಿದ್ದ ಸೌಂಡ್ ಎಂಜಿನಿಯರು ಹೆಡ್‌ಫೋನ್ ಕಿತ್ತಿಟ್ಟು ತನ್ನ ಬೆನ್ನ ಹಿಂದೆ ನೋಡಿಕೊಂಡನಂತೆ.

ಕೊನೆಯಲ್ಲಿ ದೆವ್ವ ಎದುರಿಗೆ ಬಂದು ತನ್ನ ವಂಶಾವಳಿಯನ್ನೆಲ್ಲ ಚೀರಿ ಹೇಳುವ ದೃಶ್ಯವಿತ್ತು. ಇದು ಬೇಡ, ಕಾಣದಿದ್ದಷ್ಟು ಹೊತ್ತು ಅದು ದೆವ್ವ, ಕಂಡ ಮೇಲೆ ಬರೀ ಚೌರಿಯ ಕೂದಲು ಎಂದು ನಿರ್ದೇಶಕನಿಗೆ ಹೇಳಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅದನ್ನೂ ಒಳಗೆಳೆದ ಉಸಿರಿನಲ್ಲೇ ಚೀರಿದಳು, ಮತ್ತೆ ಮತ್ತೆ.

ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ತನ್ನ ಪುಟ್ಟ ಮಗಳನ್ನು ಕರೆಯಲು ಬಾಯಿ ತೆರೆದಳು. ಸದ್ದೇ ಇಲ್ಲ. ಗಾಬರಿಯಿಂದ ಉಸಿರೆಳೆದುಕೊಂಡಾಗ ಹೊರಟಿತು ಆ ದನಿ. ಮಗು ಮಂಚದಡಿ ಹೊಕ್ಕಿತು. ಆಮೇಲೆ ಅದು ಅಜ್ಜಿಯ, ಅಂದರೆ ನನ್ನ ತಂಗಿಯ, ಬೆನ್ನು ಬಿಡಲಿಲ್ಲ. ತಾಯಿ ಹತ್ತಿರ ಬಂದರೆ ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು. ಒಂದು ತಿಂಗಳು ತುಟಿ ಪಿಟಕ್ಕೆನ್ನಬೇಡಿ, ಆಮೇಲೆ ನಿಮ್ಮ ದನಿ ಬಂದರೆ ಬಂತು ಎಂದರು ಡಾಕ್ಟರು.

ಆ ಗಡುವು ಮುಗಿದ ದಿನವೇ ಸಿನಿಮಾ ಬಿಡುಗಡೆ. ಗಂಟಲು ಯಾತಕ್ಕೆ ಹೋಯಿತೆಂದು ಅವಳಿಗೆ ನೋಡಬೇಕಿತ್ತು. ಮಧ್ಯಾಹ್ನದ ಆಟಕ್ಕೆ ನನ್ನನ್ನೂ ಎಳೆದುಕೊಂಡು ಹೋದಳು.

ಮೊದಲರ್ಧದಲ್ಲಿ ರಕ್ತವಿಲ್ಲ, ಹೊಗೆಯಿಲ್ಲ. ತಾಯಿ ಮಗಳ ತಲೆ ಬಾಚುತ್ತಿದ್ದಾಳೆ, ಕಾಣುವುದು ಬಾಚಣಿಗೆಯೊಂದೇ. “ಅಮ್ಮ ಹೊರಗೆ ಹೋಗಿದ್ದಾಳೆ ಪುಟ್ಟಿ. ನಾನಿದ್ದೀನಲ್ಲ,” ಎಂದಿತು ಆ ದನಿ. ಬಾಚಣಿಗೆ ನಿಲ್ಲಲಿಲ್ಲ. ಪಕ್ಕದವರು ಬಾಯಿಗೆ ಹಾಕಿಕೊಂಡದ್ದನ್ನು ಅಗಿಯಲಿಲ್ಲ. ನನ್ನ ಬೆನ್ನಿನ ಬೆವರು ಕುರ್ಚಿಯಿಂದಿಳಿದು ಹಿಂದಿನ ಸಾಲಿನವರ ಚಪ್ಪಲಿ ತೋಯಿಸಿತು.

ಇಂಟರ್ವಲ್ ಆದ ಮೇಲೆ ದೆವ್ವ ಹಸಿರು ಬೆಳಕಿನಲ್ಲಿ ಮುಖ ತೋರಿಸಿತು, ಅಲ್ಲಿಗೆ ಅದರ ಪ್ರಾಣ ಹೋಯಿತು. ಹುಡುಗರು ಕಿಸಕ್ಕೆಂದರು. ಗಂಟಲು ತಿಂದ ಆ ಚೀರಾಟವಂತೂ ಮೇಲೆ ಸುರಿದ ಡೋಲು ಪಿಟೀಲಿನ ಗದ್ದಲದಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಗಂಟೆ ಪರದೆ ನೋಡುವುದು ಬಿಟ್ಟು ಕತ್ತಿಗೆ ಕೈ ಒತ್ತಿಕೊಂಡು ಕೂತಳು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಮಗು ಅಜ್ಜಿಯ ಹಿಂದಿನಿಂದ ಇಣುಕಿ, “ನಮ್ಮಮ್ಮ ಎಲ್ಲಿ?” ಎಂದು ಗಂಟೆಯನ್ನೇ ಕೇಳಿತು.

ಅವಳು ನೆಲಕ್ಕೆ ಕೂತು ಬಾಯಿ ತೆರೆದಳು. ಮೊದಲು ಉಸಿರು ಒಳಗೆ ಹೋಯಿತು. ಅಷ್ಟರಲ್ಲಿ ನಾನು ಮೆಟ್ಟಿಲಿಳಿದು ಗೇಟು ಮುಟ್ಟಿದ್ದೆ. ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಉಸಿರನ್ನು ಅವಳು ಹಿಡಿದಿಟ್ಟಳು. ಮಗುವಿನ ಕಣ್ಣು ಅವಳ ತುಟಿಯ ಮೇಲೆ. ಆಮೇಲೆ ಉಸಿರು ಹೊರಬಂತು, ಜೊತೆಗೆ ತುಕ್ಕು ಹಿಡಿದ ಚಿಲಕ ಸರಿದಂಥ ಸದ್ದು: “ಬಾರೇ. ಇಲ್ಲೇ ಇದ್ದೀನಿ.”

ಬಿರುಕು ಬಿಟ್ಟಿತ್ತು, ಆದರೆ ಅವಳದೇ ದನಿ. ಮಗು ತಲೆ ಓರೆ ಮಾಡಿ ಕೇಳಿಸಿಕೊಂಡಿತು. ಅಳೆದು ಸುರಿದು ಹೆಜ್ಜೆ ಇಟ್ಟು ಬಂದು ತಾಯಿಯ ಗಂಟಲಿನ ಮೇಲೆ ಅಂಗೈ ಇಟ್ಟು, ಇನ್ನೊಂದು ಸಲ ಹೇಳೆಂದಿತು. ಹೇಳಿದಳು. ಮಗು ಅವಳ ಮಡಿಲು ಹತ್ತಿತು.

ಸ್ವಲ್ಪ ಗಾಳಿ ಸೇವನೆಗೆ ನಿಂತಿದ್ದೇನೆ ಎಂದು ನಾನು ಗೇಟಿನಿಂದಲೇ ಕೂಗಿ ತಿಳಿಸಿದೆ. ಗಂಟೆ ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದಳು.

“ಒಳಗೆ ಬನ್ನಿ ಮಾವ,” ಎಂದಳು. “ಮಗುನೇ ಬಂದಾಯ್ತು.”