ಮಾವ ಹರಿಗೋಲು ಹತ್ತಿದ್ದು

ಹರಿಯಬ್ಬೆಯಿಂದ ಮಾರಿಕಣಿವೆಯ ಹಿನ್ನೀರಿನ ಊರಿಗೆ ನಾನು ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಆಗ ನಮ್ಮ ಮನೆಗೂ ನೀರಿಗೂ ನಡುವೆ ಇದ್ದದ್ದು ಒಂದು ಜಾಲಿ ಬಯಲು ಮತ್ತು ನಮ್ಮ ಮಾವನ ಮೂಗು. ಬಯಲು ದಾಟುವುದು ಸುಲಭವಾಗಿತ್ತು.

ಮಾವ ಕುರಿ ಸಾಕಿ ಬಾಳಿದವರು. ಮಂದೆಯಲ್ಲಿ ಯಾವ ಕುರಿಗೆ ಹುಷಾರಿಲ್ಲ ಎನ್ನುವುದನ್ನು ವಾಸನೆಯಿಂದಲೇ ಹೇಳುತ್ತಿದ್ದರು. ಆ ಮೂಗಿಗೆ ಆಗದೇ ಇದ್ದದ್ದು ಮೀನು ಒಂದೇ. "ಕುರಿ ಹುಲ್ಲು ತಿಂತೈತೆ, ಕುರೀನ ನಾವು ತಿಂತೀವಿ. ಅದರಾಗೆ ಒಂದು ನ್ಯಾಯ ಐತೆ. ಮೀನು ನೀರೊಳಗೆ ಏನು ತಿಂತೈತೋ ಕಂಡೋರ್ಯಾರು?" ಎನ್ನುತ್ತಿದ್ದರು.

ನೀರಿನ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ತೆಲುಗು ಮೀನುಗಾರರು ಮಾವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅವರ ಹರಿಗೋಲನ್ನು 'ತೊಗಲು ಬುಟ್ಟಿ' ಎಂದು ಕರೆದು, ಸತ್ತರೂ ಅದರೊಳಗೆ ಕಾಲಿಡುವುದಿಲ್ಲ ಎಂದು ಅರಳಿಕಟ್ಟೆಯಲ್ಲಿ ಕೂತು ಊರಿಗೆಲ್ಲ ಸಾರಿದ್ದರು.

ನನಗೋ ಬಸುರಿಯ ಬಯಕೆ ಹತ್ತಿತ್ತು. ಗಾಳಿ ಬಯಲಿನ ಕಡೆಯಿಂದ ಬೀಸಿದರೆ ಗುಡಿಸಲುಗಳ ಮೀನಿನ ಸಾರಿನ ವಾಸನೆ ಹಿತ್ತಲಿಗೇ ಬಂದು ನನ್ನನ್ನು ಕರೆಯುತ್ತಿತ್ತು. ಸೌದೆ ತರುತ್ತೇನೆ ಎಂದು ಹೋಗಿ, ಅಲ್ಲಿನ ಹಿರಿಯಳಾದ ಮುದುಕಿಯ ಒಲೆಯ ಪಕ್ಕ ಕೂತು ಉಂಡು, ಹುಣಸೆ ಚಿಗುರು ಅಗಿದು, ಕೈಗೆ ಬೂದಿ ತಿಕ್ಕಿ ತೊಳೆದು ಮನೆಗೆ ಬರುತ್ತಿದ್ದೆ. ಸೌದೆ ಮಾತ್ರ ದಿನದಿನಕ್ಕೆ ಕಡಿಮೆಯಾಗುತ್ತಿತ್ತು.

ಮುದುಕಿ ಒಣಗಿದ ಸೀಗೆಕಾಯಿಯ ಹಾಗಿದ್ದಳು, ಆದರೆ ನಾಲಿಗೆ ಒಣಗಿರಲಿಲ್ಲ. ಎಲ್ಲಿಂದ ಬಂದಿರಿ ಎಂದು ಕೇಳಿದವರಿಗೆ ಅವರವರ ಯೋಗ್ಯತೆ ನೋಡಿ ಒಂದೊಂದು ಕಥೆ ಹೇಳುತ್ತಿದ್ದಳು. ನೀರಾವರಿ ಇಲಾಖೆಯ ಮೇಸ್ತ್ರಿಗೆ, ಮಹಾರಾಜರೇ ನಮ್ಮ ತಾತನನ್ನು ಕರೆಸಿದ್ದು ಎಂದಿದ್ದಳು. ಅಂದಿನಿಂದ ಆ ಮೇಸ್ತ್ರಿ ಅವಳನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದ. ಊರ ಹೆಂಗಸರಿಗೆ, ಒಂದು ದೊಡ್ಡ ಮೀನಿನ ಬೆನ್ನು ಹತ್ತಿ ನದಿಯುದ್ದಕ್ಕೂ ಬಂದೆವು, ಅದಿನ್ನೂ ಸಿಕ್ಕಿಲ್ಲ, ಅದಕ್ಕೇ ಇಲ್ಲೇ ಇದ್ದೇವೆ ಎಂದಿದ್ದಳು.

ಆ ವರ್ಷ ಮೇಲಿನ ಸೀಮೆಯಲ್ಲಿ ಮಳೆ ಹೊಡೆದು ವೇದಾವತಿ ತುಂಬಿ ಬಂದಳು. ಹಿನ್ನೀರಿನ ಅಂಚಿನ ದಿಬ್ಬದ ಮೇಲೆ ಹುಲ್ಲು ಚೆನ್ನಾಗಿದೆ ಎಂದು ನನ್ನ ಗಂಡ ಮಂದೆ ಹೊಡೆದುಕೊಂಡು ಹೋಗಿ ಅಲ್ಲೇ ತಂಗಿದ್ದ. ಬೆಳಗಾಗುವಷ್ಟರಲ್ಲಿ ದಿಬ್ಬದ ಸುತ್ತ ನೀರು ಆವರಿಸಿ ಅದು ನಡುಗಡ್ಡೆಯಾಗಿತ್ತು.

ಮಾವ ದಡಕ್ಕೆ ಓಡಿದರು. ಹಿಂದೆ ನಾನು. ಮಾವ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದರು, "ಟಗರು ಹೆಂಗೈತಲೇ?"

ದಿಬ್ಬದಿಂದ ನನ್ನ ಗಂಡನ ದನಿ ಬಂತು. "ನಾನೂ ಚೆನ್ನಾಗಿದೀನಿ, ಅಪ್ಪಾ."

ನೀರು ಇನ್ನೂ ಏರುತ್ತಿತ್ತು. ಮುದುಕಿಯ ಮಗ ಮೀನು ಮಾರಲು ಹಿರಿಯೂರಿಗೆ ಹೋಗಿದ್ದ. ಯಾರೂ ಕೇಳುವ ಮೊದಲೇ ಮುದುಕಿ ಹರಿಗೋಲು ನೀರಿಗೆ ತಳ್ಳಿ ಒಬ್ಬಳೇ ಹೋದಳು. ಸ್ವಲ್ಪ ಹೊತ್ತಿಗೆ ಖಾಲಿ ಕೈಯಲ್ಲಿ ವಾಪಸು ಬಂದಳು.

"ನಿಮ್ಮ ಟಗರು ಹತ್ತಲ್ಲ ಅಂತೈತಿ ಅಯ್ಯಾ. ಅದು ಹತ್ತದೆ ಯಾವ ಕುರೀನೂ ಹತ್ತಲ್ಲ. ನಿಮ್ಮ ಮಗನ ಮಾತಿಗೆ ಅದು ಕಿವಿನೇ ಅಲ್ಲಾಡಿಸಲ್ಲ. ನೀವೇ ಬರಬೇಕು."

ಮಾವ ನೀರು ನೋಡಿದರು, ಬುಟ್ಟಿ ನೋಡಿದರು, ಸುತ್ತ ನೆರೆದಿದ್ದ ಊರನ್ನು ನೋಡಿದರು. ಅರಳಿಕಟ್ಟೆಯ ಗೆಳೆಯರೆಲ್ಲ ಅಲ್ಲಿದ್ದರು. ಒಬ್ಬ, "ಹೋಗಿಬರ್ರಿ, ನಾವೇನೂ ನೋಡಲ್ಲ" ಎಂದ. ಮಾವ ಪಂಚೆ ಎತ್ತಿ ಕಟ್ಟಿ, ಕಂಬಳಿಯನ್ನು ನನ್ನ ಕೈಗೆ ಕೊಟ್ಟು, ಕಣ್ಣು ಮುಚ್ಚಿಕೊಂಡು ಹತ್ತಿದರು.

ಹರಿಗೋಲನ್ನು ಬಲ್ಲವರು ನಡೆಸಿದರೆ ಅದು ನೆಟ್ಟಗೆ ಹೋಗುತ್ತದೆ. ಮುದುಕಿ ಅದನ್ನು ನೆಟ್ಟಗೆ ನಡೆಸುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಆದರೆ ಅವತ್ತು ದಡ ಬಿಟ್ಟ ಕೂಡಲೇ ಅದು ಬುಗುರಿಯ ಹಾಗೆ ತಿರುಗತೊಡಗಿತು. ಮಾವನ ಮುಖ ಒಮ್ಮೆ ನಮ್ಮ ಕಡೆ, ಒಮ್ಮೆ ಅಣೆಕಟ್ಟಿನ ಕಡೆ, ಮತ್ತೆ ನಮ್ಮ ಕಡೆ.

"ಇದ್ಯಾಕವ್ವ ಹಿಂಗೆ ತಿರುಗ್ತೈತೆ?"

"ತೊಗಲು ಬುಟ್ಟಿ ಅಲ್ಲವಾ ಅಯ್ಯಾ. ಹಂಗೇ."

ಅರಳಿಕಟ್ಟೆಯ ಮಾತು ಗುಡಿಸಲಿಗೂ ಮುಟ್ಟಿತ್ತು ಎಂದು ನನಗೆ ತಿಳಿದದ್ದು ಆಗಲೇ. ನಾನು ಕಂಬಳಿಯಲ್ಲಿ ಬಾಯಿ ಮುಚ್ಚಿಕೊಂಡೆ.

ದಿಬ್ಬದಿಂದ ಹೊರಟಾಗ ಟಗರು ಮಾವನ ತೊಡೆಯ ಮೇಲಿತ್ತು. ಎರಡಕ್ಕೂ ಒಂದೇ ತರದ ಗಾಬರಿ, ಒಂದೇ ತರದ ಮೂಗು. ಟಗರು ದಡಕ್ಕೆ ಬಂದದ್ದು ಕಂಡು ದಿಬ್ಬದಲ್ಲಿ ಉಳಿದ ಕುರಿಗಳು ಮುಂದಿನ ಸಲ ತಾವೇ ಹರಿಗೋಲಿಗೆ ನುಗ್ಗಿದವು. ಮಧ್ಯಾಹ್ನದವರೆಗೆ ಮುದುಕಿ ಹೋಗಿ ಬಂದು ಮಾಡಿದಳು. ಕೊನೆಯ ಸಲ ನನ್ನ ಗಂಡನೂ ಬಂದ.

ಅವನು ಮಂದೆಯನ್ನು ಮನೆಗೆ ಹೊಡೆದುಕೊಂಡು ಹೋದ. ಮಾವ ತೊಯ್ದು ನಡುಗುತ್ತಿದ್ದರು. ಮುದುಕಿ "ರಾ ಅಯ್ಯಾ, ಕುಂತ್ಕಳ್ರಿ" ಎಂದು ತನ್ನ ಗುಡಿಸಲಿನ ಒಲೆಯ ಮುಂದೆ ಕೂರಿಸಿ, ಬಟ್ಟಲಿಗೆ ಬಿಸಿ ಅನ್ನ ಹಾಕಿ ಕೆಂಪು ಸಾರು ಬಿಟ್ಟಳು. ಒಲೆಯ ಹೊಗೆಗೂ ನೆಗಡಿಗೂ ಮಾವನ ಮೂಗು ಪೂರ್ತಿ ಕಟ್ಟಿತ್ತು.

"ಏನು ಸಾರವ್ವ ಇದು?"

"ಹುಣಸೆಹಣ್ಣಿನ ಸಾರು."

ಅದು ಸುಳ್ಳಲ್ಲ, ಹುಣಸೆಹಣ್ಣೂ ಅದರಲ್ಲಿತ್ತು. ನಾನು ನೆಲ ನೋಡಿದೆ. ಮಾವ ಉಂಡರು, ಇನ್ನೊಂದು ಸೌಟು ಹಾಕಿಸಿಕೊಂಡರು. ನಂತರ ಅವರ ಬಾಯಿ ನಿಂತಿತು. ಎರಡು ಬೆರಳಲ್ಲಿ ಒಂದು ಮುಳ್ಳು ಹೊರತೆಗೆದು ಬೆಳಕಿಗೆ ಹಿಡಿದು ನೋಡಿದರು.

"ಹುಣಸೆಹಣ್ಣಿಗೂ ಮುಳ್ಳಿರ್ತಾವೇನು?"

"ನಿಮ್ಮ ಕಡೆ ಹಣ್ಣಿಗೆ ಇಲ್ಲವೇನೋ. ನಮ್ಮ ಗೋದಾವರಿ ಕಡೆದಕ್ಕೆ ಇರ್ತಾವೆ."

ಮಾವ ಮುಳ್ಳನ್ನು ಬಟ್ಟಲಿನ ಅಂಚಿಗೆ ಇಟ್ಟರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು, "ನಿಮ್ಮ ಕಡೆ ಹಣ್ಣು ಅಡ್ಡಿಯಿಲ್ಲ, ಹಾಕು" ಎಂದರು.

ಆಮೇಲೆ ಮಾವ ಅವಳ ಊರು ವಿಚಾರಿಸಿದರು. ಅವಳು ಅವತ್ತು ಮಹಾರಾಜರನ್ನು ಕರೆತರಲಿಲ್ಲ. ಗೋದಾವರಿ ಸಮುದ್ರ ಸೇರುವಲ್ಲಿ ಅವರ ಮನೆಯಿತ್ತಂತೆ. ಬಿರುಗಾಳಿಗೆ ದೋಣಿ, ಬಲೆ, ಮನೆ ಮೂರೂ ಹೋದವು. ಹೊಸಪೇಟೆಯ ಕಡೆ ಹೊಸ ಅಣೆಕಟ್ಟಿನಲ್ಲಿ ನೀರು ನಿಂತಿದೆ ಎಂದು ಕೇಳಿ ಗಂಡನ ಜೊತೆ ಬಂದಳು. ಗಂಡ ಅಲ್ಲೇ ತೀರಿಕೊಂಡ. ಅಲ್ಲಿಂದ ಮಕ್ಕಳನ್ನು ಕಟ್ಟಿಕೊಂಡು ಲಾರಿಯಲ್ಲಿ ಇಲ್ಲಿಗೆ ಬಂದಾಗ ದಾರಿಯುದ್ದಕ್ಕೂ ಮಳೆ. ಹರಿಗೋಲನ್ನೇ ಬೋರಲು ಹಾಕಿ ಅದರಡಿ ಕೂತಿದ್ದರು. "ನೀರು ಎಲ್ಲಿ ನಿಲ್ತೈತೋ ಅಲ್ಲಿ ನಾವೂ ನಿಲ್ತೀವಿ" ಎಂದಳು.

ಮಾವ ಬೆಂಕಿ ಕೆದಕಿದರು. ಬಳಿಕ ನಾನು ನಮ್ಮ ಮನೆಯಲ್ಲಿ ಎಂದೂ ಕೇಳದಿದ್ದ ಮಾತು ಹೇಳಿದರು. ಅವರ ಅಪ್ಪ ಹುಟ್ಟಿದ ಊರು ಈ ನೀರಿನ ತಳದಲ್ಲಿತ್ತು. ಅಣೆಕಟ್ಟು ಕಟ್ಟಿದಾಗ ಊರೆಲ್ಲ ಎದ್ದು ದಿನ್ನೆಗೆ ಬಂತು. ಮಾವನ ಅಜ್ಜಿ ಹಳೆಯ ಒಲೆಯ ಕೆಂಡವನ್ನು ಮಡಕೆಯಲ್ಲಿ ಇಟ್ಟುಕೊಂಡು, ಆರದ ಹಾಗೆ ಊದುತ್ತ ಊದುತ್ತ ಬಂದಳಂತೆ.

"ಹಂಗಾದ್ರೆ ನನ್ನ ಬಲೆ ಸಿಕ್ಕಿ ಹರಿಯೋದು ನಿಮ್ಮಪ್ಪನ ಮನೆ ಗೋಡೆಗೇ" ಎಂದಳು ಮುದುಕಿ. "ಹೊಲಿಯಾಕೆ ನೂಲು ನೀವೇ ಕೊಡಬೇಕು."

"ನಮ್ಮ ಹಿತ್ತಲಾಗೆ ಮೇದ ಮೀನು," ಎಂದರು ಮಾವ. "ಅದರಾಗೆ ನಮಗೂ ಪಾಲು ಐತೆ."

ಮನೆಯ ದಾರಿಯಲ್ಲಿ ಮಾವ, "ಮುಳ್ಳಿನ ವಿಚಾರ ನಿಮ್ಮ ಅತ್ತೆಗೆ ಹೇಳಬ್ಯಾಡ" ಎಂದರು. ಹೇಳುವುದಿಲ್ಲ ಎಂದೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮಾತಿನಲ್ಲಿ ಮೆತ್ತಗಿದ್ದ ಅತ್ತೆಗೂ ಮೂಗಿದೆ ಎಂದು ನಾವಿಬ್ಬರೂ ಯೋಚಿಸಿರಲಿಲ್ಲ. ಅವರು ಮಾವನನ್ನು ನೋಡಿ, ನನ್ನನ್ನು ನೋಡಿ, ಒಳಗೆ ಹೋಗಿ ಒಂದು ಕಂಚಿನ ಪಾತ್ರೆ ತಂದು ನನ್ನ ಕೈಗಿಟ್ಟರು.

"ನಾಳೆ ಸೌದೆಗೆ ಹೋಗ್ತಿಯಲ್ಲ, ಇದನ್ನ ತಗಂಡು ಹೋಗು. ನಾನೊಬ್ಬಳೇ ಎಷ್ಟು ದಿನ ಬರೀ ವಾಸನೆ ಕುಡೀಲಿ?"

ಮಾವ ಕೈಕಾಲು ತೊಳೆಯಲು ಹಿತ್ತಲಿಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ.

ಬೇಸಿಗೆಯಲ್ಲಿ ಮಗಳು ಹುಟ್ಟಿದಳು. ತೊಟ್ಟಿಲ ದಿನ ಮುದುಕಿ ತನ್ನ ಕೈಯಾರೆ ಹೆಣೆದ ಬಲೆಯ ಜೋಲಿ ತಂದು ನಡುಮನೆಯ ತೊಲೆಗೆ ಕಟ್ಟಿದಳು. ಹರಿಯಬ್ಬೆಯಿಂದ ಬಂದ ನನ್ನ ತಾಯಿ ಮೂತಿ ತಿರುವಿದರು. ಮಾವ, "ನೋಡ್ರಿ, ನಮ್ಮ ಮೊಮ್ಮಗಳನ್ನ ಬಲೆಗೆ ಹಾಕಿಬಿಟ್ರು" ಎಂದು ಬಂದವರನ್ನೆಲ್ಲ ಕರೆದು ತೋರಿಸಿದರು. ಮಗು ಸಂಜೆಯವರೆಗೂ ಅಳದೆ ಮಲಗಿತು. ಎತ್ತಿದಾಗ ಒಂದು ಕೆನ್ನೆಯ ತುಂಬ ಬಲೆಯ ಕಣ್ಣಿನ ಅಚ್ಚು ಬಿದ್ದಿತ್ತು. ನನ್ನ ತಾಯಿ ಬೆಚ್ಚಗಿನ ಎಣ್ಣೆ ಹಚ್ಚಿ ತಿಕ್ಕುತ್ತ ಕೂತರು. ಮುದುಕಿ ಮಗುವನ್ನು ಇನ್ನೊಂದು ಮಗ್ಗುಲಿಗೆ ಮಲಗಿಸಲು ಹೇಳಿದಳು, ಎರಡೂ ಕೆನ್ನೆ ಸಮ ಆಗಲಿ ಎಂದು.