ಅಜ್ಜ ಚಪ್ಪಲಿ ಎತ್ತಲಿಲ್ಲ

2003ರ ಬೇಸಿಗೆ. ನಾನಾಗ ಫಿಸಿಯೋಥೆರಪಿ ಕೊನೆಯ ವರ್ಷದ ವಿದ್ಯಾರ್ಥಿನಿ. ಪಾರ್ಶ್ವವಾಯು ಹೊಡೆದವರು ಬೀಳದೆ ಎಷ್ಟರಮಟ್ಟಿಗೆ ನಿಲ್ಲಬಲ್ಲರು, ಬಾಗಬಲ್ಲರು ಎಂದು ಅಳೆಯುವ ಇಂಗ್ಲಿಷ್ ಪರೀಕ್ಷೆಯೊಂದನ್ನು ಕನ್ನಡಕ್ಕೆ ತಂದಿದ್ದೆ. ಅದು ನಮ್ಮ ಜನಕ್ಕೆ ಹೊಂದುತ್ತದೋ ಇಲ್ಲವೋ ನೋಡುವುದೇ ನನ್ನ ಪ್ರಾಜೆಕ್ಟ್. ಗೆಳತಿ ಸುಮಾ ಜೊತೆ ನಮ್ಮ ತಿಪಟೂರಿನ ಸುತ್ತಲ ಹಳ್ಳಿಗಳಿಗೆ ಹೋಗುತ್ತಿದ್ದೆ. ಒಬ್ಬರನ್ನೇ ನೋಡಿ ಇಬ್ಬರೂ ಬೇರೆ ಬೇರೆ ಕೂತು ಅಂಕ ಹಾಕುತ್ತಿದ್ದೆವು. ಅವು ತಾಳೆಯಾದಾಗಲೆಲ್ಲ ನನಗೆ ಕೊಂಬು ಬರುತ್ತಿತ್ತು.

ಅರಳಗುಪ್ಪೆ ಹತ್ತಿರದ ಹಳ್ಳಿಯಲ್ಲಿ ಗುರುಸಿದ್ದಪ್ಪ ಎಂಬ ಅಜ್ಜ ಇದ್ದರು. ಬಲಗೈ, ಬಲಗಾಲು ಸೋತು ಐದು ತಿಂಗಳಾಗಿತ್ತು. ಕೋಲು ಹಿಡಿದು ಮನೆಯಲ್ಲೇ ಓಡಾಡುತ್ತಿದ್ದರು. ಹಿತ್ತಲ ಆಚೆಗಿನ ತೋಟಕ್ಕೆ ಒಬ್ಬರೇ ಹೋಗಿಬರಬೇಕೆಂಬುದೊಂದೇ ಅವರ ಆಸೆ. ಮಗಳು ಗಿರಿಜಕ್ಕ ಬಿಡುತ್ತಿರಲಿಲ್ಲ.

"ಬಿದ್ರೆ ಏನಪ್ಪಾ ಗತಿ? ಈ ಮೇಡಮ್ಮು ಪಾಸ್ ಮಾಡ್ಲಿ, ಆಮೇಲೆ ಹೋಗುವಂತೆ" ಎಂದರು. ನನ್ನನ್ನು ಯಾರಾದರೂ ಮೇಡಮ್ ಅಂದದ್ದು ಅದೇ ಮೊದಲು. ಭಾರಿ ಗಂಭೀರವಾಗಿ ಶುರು ಮಾಡಿದೆ.

ಅಜ್ಜ ಎದ್ದರು, ತಿರುಗಿದರು, ಕೂತರು. ಎಲ್ಲಕ್ಕೂ ಒಳ್ಳೆಯ ಅಂಕ. ಕೊನೆಗೆ 'ನೆಲದ ಮೇಲಿರುವ ಚಪ್ಪಲಿಯನ್ನು ಎತ್ತಿಕೊಳ್ಳಿ' ಎಂಬುದು ಬಂತು. ಅದಕ್ಕೆಂದೇ ಕೊಂಡಿದ್ದ ಹೊಸ ಹವಾಯಿ ಚಪ್ಪಲಿಯನ್ನು ಬ್ಯಾಗಿನಿಂದ ತೆಗೆದು ಪಡಸಾಲೆಯ ನಟ್ಟನಡುವೆ, ದೇವರಮನೆಗೆ ಎದುರಾಗಿ ಇಟ್ಟೆ. ಅಜ್ಜ ಚಪ್ಪಲಿ ನೋಡಿದರು. ನನ್ನ ಮುಖ ನೋಡಿದರು. ಕೊರಳಲ್ಲಿದ್ದ ಲಿಂಗದ ಕರಡಿಗೆ ಮುಟ್ಟಿಕೊಂಡು ಬಾಗದೆ ನಿಂತರು. ನಾನೂ ಸುಮಾಳೂ ಸೊನ್ನೆ ಹಾಕಿದೆವು. ತಾಳೆಯಾಯಿತು!

"ಬಾಗೋಕೆ ಆಗ್ತಿಲ್ಲ ಗಿರಿಜಕ್ಕ, ತೋಟ ಸದ್ಯಕ್ಕೆ ಬೇಡ" ಎಂದೆ. ಅಜ್ಜನ ಮುಖ ಬಾಡಿಹೋಯಿತು.

ಗಿರಿಜಕ್ಕ ಕೊಟ್ಟ ಕಾಫಿ ಹಿಡಿದು ಅಂಗಳಕ್ಕೆ ಬಂದೆ. ಅಲ್ಲಿ ಅಟ್ಟದಿಂದ ಇಳಿಸಿ ಸುಲಿದ ಒಣ ತೆಂಗಿನಕಾಯಿಗಳ ರಾಶಿ. ಹಿಂದೆಯೇ ಬಂದ ಅಜ್ಜ ಕೋಲನ್ನು ಕಂಬಕ್ಕೆ ಒರಗಿಸಿ, ಸಲೀಸಾಗಿ ಬಾಗಿ, ಎಡಗೈಯಲ್ಲಿ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲುಗಾಡಿಸಿದರು. ಒಳಗೆ ಕೊಬ್ಬರಿ ಗಿಟಕು ಲೊಟಲೊಟ ಎಂದಿತು. ಒಣಗಿದೆ ಎಂದು ಅದನ್ನು ಪಕ್ಕಕ್ಕಿಟ್ಟು ಮತ್ತೊಂದಕ್ಕೆ ಬಾಗಿದರು.

"ಅಜ್ಜಾ! ಒಳಗೆ ಯಾಕೆ ಬಾಗಲಿಲ್ಲ?"

"ಸ್ನಾನ ಮಾಡಿ ಲಿಂಗಪೂಜೆ ಮುಗ್ಸಿದೀನಿ. ದೇವ್ರ ಮುಂದೆ ಚಪ್ಲಿ ಮುಟ್ಟಾದಾ ಕಣವ್ವ? ಮನೆಗೆ ಬಂದ ಹೆಣ್ಮಗಳು, ಓದಿದೋಳು, ಏನಂತ ಅನ್ನಾದು ಬುಡು ಅಂತ ಸುಮ್ಕಾದೆ."

ಗಿರಿಜಕ್ಕ ಬಾಯಿಗೆ ಸೆರಗು ಹಿಡಿದು ನಕ್ಕರು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ನಮ್ಮ ಮನೆಯಲ್ಲೂ ಚಪ್ಪಲಿ ಬಾಗಿಲ ಹೊರಗೇ. ಪರೀಕ್ಷೆಯ ಕಾಗದ ಕೈಗೆ ಬಂದೊಡನೆ ಅದನ್ನು ಮರೆತಿದ್ದೆ. ಅದುವರೆಗೆ ಇನ್ನೆಷ್ಟು ಹಿರಿಯರಿಗೆ ಅದೇ ಸೊನ್ನೆ ಹಾಕಿದ್ದೆನೋ! ಇಬ್ಬರೂ ಹಾಕಿಯಾದ ಸೊನ್ನೆಯನ್ನು ಕಾಲೇಜಿನಲ್ಲಿ ಕೇಳದೆ ತಿದ್ದುವಂತಿರಲಿಲ್ಲ, ಪಾಸಾಗದೆ ಗಿರಿಜಕ್ಕ ಅಜ್ಜನನ್ನು ತೋಟಕ್ಕೆ ಬಿಡಲೂ ಇಲ್ಲ.

ಕಾಲೇಜಿನಲ್ಲಿ ಮೇಷ್ಟ್ರು ಬೈಯುತ್ತಾರೆಂದು ಹೆದರಿದ್ದೆ. ಅವರು ನಕ್ಕು, "ಇಂಥದ್ದನ್ನ ಕಂಡುಹಿಡಿಯೋಕೇ ಅಲ್ವೇನಮ್ಮ ನಿನ್ನ ಕಳಿಸಿದ್ದು?" ಎಂದರು. ಚಪ್ಪಲಿ ಹೋಗಿ ತೆಂಗಿನಕಾಯಿ ಬಂತು. ಮೊದಲ ಮನೆಯಿಂದ ಮತ್ತೆ ಶುರು ಮಾಡಿದೆವು.

ವಾರದ ನಂತರ ಅಜ್ಜ ಕಾಯಿ ಎತ್ತಿದರು, ಅಭ್ಯಾಸಬಲದಿಂದ ಅಲುಗಾಡಿಸಿಯೂ ನೋಡಿದರು. ಪೂರ್ತಿ ಅಂಕ! ಕೂಡಲೇ ಕೋಲು ಹಿಡಿದು ತೋಟದ ಕಡೆ ಹೊರಟೇಬಿಟ್ಟರು. ಗಿರಿಜಕ್ಕ ಹಿತ್ತಲ ಬಾಗಿಲಲ್ಲೇ ಅವರ ಕಾಲ ಮೇಲೆ ಕಣ್ಣಿಟ್ಟು ನಿಂತರು. ಮೊದಲ ತೆಂಗಿನಮರ ಮುಟ್ಟಿ ಅಜ್ಜ ಕೂಗಿದರು: "ಲೇ ಗಿರಿಜಾ, ಪಾಸಾದೆ ಕಣೇ!"

ಆ ಹವಾಯಿ ಚಪ್ಪಲಿಯನ್ನು ಆಮೇಲೆ ನಾನೇ ಹಾಕಿ ಸವೆಸಿದೆ. ಈಗಲೂ ಯಾರಿಗಾದರೂ ಸೊನ್ನೆ ಹಾಕುವ ಮುನ್ನ ಪೆನ್ನು ಕೆಳಗಿಟ್ಟು "ಯಾಕೆ?" ಎಂದು ಕೇಳುತ್ತೇನೆ. ಅವತ್ತು ಪಡಸಾಲೆಯಲ್ಲೇ ಅಷ್ಟು ಕೇಳಿದ್ದರೆ, ಅಜ್ಜ ಒಂದು ವಾರ ಮೊದಲೇ ತಮ್ಮ ತೋಟ ನೋಡಿರುತ್ತಿದ್ದರು.